ಕಿವಿ ಮುರಿದ ಕುದುರೆ

ಗೆಳೆಯರೇ, ಹಳೆಯ ಫೋಟೋ ನೋಡಿ ಅದರಲ್ಲಿರುವ ಚೆಸ್ ಸೆಟ್ ಯಾವ ನಮೂನೆಯದು ಎಂದು ಪತ್ತೆ ಹಚ್ಚುವುದು ನನ್ನ ಹುಚ್ಚು. ಇವತ್ತು ಐನಾಪುರದ ಮುಜಾವರ ಮಾಸ್ತರರು ತಮ್ಮ ಅಜ್ಜನ ಫೋಟೋ ಹಿಡಿದುಕೊಂಡು ಅಥಣಿಯ ನಮ್ಮ ಮನೆಗೆ ಬಂದರು.

ಭೂತಗನ್ನಡಿ ಹಿಡಿದು ನೋಡಿದೆ. ಶಿಲುಬೆಯಿಲ್ಲದ ಗುಂಡುತಲೆಯ ರಾಜ, ತೆಳ್ಳನೆ ಸೊಂಟದ ಮಂತ್ರಿ, ಎಡಗಿವಿ ಮುರಿದ ಕುದುರೆ. ಕಾರ್ಖಾನೆಯದ್ದಲ್ಲ, ಯಾರೋ ಬಡಿಗ ಕೈಯಾರೆ ಕೆತ್ತಿದ್ದು. ಆದರೆ ಗೋಡೆಯ ಮೇಲಿನ ನಮ್ಮಜ್ಜನ ಫೋಟೋದಲ್ಲೂ ಅದೇ ಸೆಟ್, ಅದೇ ಮುರಿದ ಕಿವಿ!

“ನಮ್ಮ ಅಜ್ಜಾರ ಸೆಟ್ ನಿಮ್ಮ ಮನಿಗಿ ಹೆಂಗ ಬಂತ್ರಿ?” ಎಂದರು ಮಾಸ್ತರರು.

“ನಿಮ್ಮ ಮನಿಗಿ ಹೆಂಗ ಹೋತು, ಅದನ್ನ ಹೇಳ್ರಿ,” ಎಂದೆ. ನಮ್ಮಜ್ಜ ಚೆಸ್‌ನಲ್ಲಿ ಎಂದೂ ಸೋತವರಲ್ಲ ಎಂಬುದು ಮನೆತನದ ಹೆಮ್ಮೆ.

ಎಂಬತ್ತು ದಾಟಿದ ನಮ್ಮ ಸೋದರತ್ತೆ ಕನ್ನಡಕ ಏರಿಸಿ ಎರಡೂ ಫೋಟೋ ನೋಡಿದರು. “ಕುದರಿ ಬಿಡ್ರಿ, ಕೋಟ್ ನೋಡ್ರಿ. ಇಬ್ಬರ ಕೋಟಿಗೂ ನಡುವಿನ ಗುಂಡಿ ಇಲ್ಲ. ಕೋಟೂ ಸ್ಟುಡಿಯೋದ್ದ, ಕುದರಿನೂ ಸ್ಟುಡಿಯೋದ್ದ. ನಮ್ಮಪ್ಪಗ ಈ ಆಟ ಎಲ್ಲಿ ಬರ್ತಿತ್ತು?”

ಮಾಸ್ತರರೂ ನಾನೂ ಚಹಾ ಕುಡಿದೆವು. ಫೋಟೋವನ್ನು ಗೋಡೆಯಿಂದ ಇಳಿಸಿಲ್ಲ. ಮುಖವಾದರೂ ಅಜ್ಜನದೇ.