ಚಕ್ರ ಬಿಚ್ಚುವುದು ಒಂದೇ ಸಲ

ನಮ್ಮ ಬೀದಿಯ ಟೈಲರಮ್ಮನಿಗೆ ಕಾರಿನ ಬಗ್ಗೆ ಗೊತ್ತಿದ್ದದ್ದು ಇಷ್ಟೇ: ಅದು ಓಡಿದರೆ ಹೊಲಿದ ಸಮವಸ್ತ್ರಗಳು ಶಾಲೆಗಳಿಗೆ ತಲುಪುತ್ತವೆ, ನಿಂತರೆ ಇಲ್ಲ. ಹಾಗಾಗಿ ಮುಂಚಕ್ರಗಳ ಬ್ರೇಕು ರಿಪೇರಿಗೆ ಶೋರೂಮಿನವರು ಕೊಟ್ಟ ಅಂದಾಜುಪಟ್ಟಿಯ ಮೊತ್ತ ಅವರಿಗೆ ದೊಡ್ಡ ಪೆಟ್ಟೇ ಆಯಿತು. ಅಷ್ಟು ಕೊಡುವುದಕ್ಕಿಂತ ಕಾರನ್ನೇ ಮಾರುವುದು ವಾಸಿ ಅನ್ನಿಸಿತು.

ಜೊತೆಗೆ ಬಂದಿದ್ದ ಮೈದುನ ಕಾರಿನ ವಿಷಯದಲ್ಲಿ ಮನೆಮಂದಿಗೆಲ್ಲ ಸರ್ವೋಚ್ಚ ನ್ಯಾಯಾಲಯ. ಪಟ್ಟಿಯ ಮೇಲೆ ಕಣ್ಣಾಡಿಸಿ, "ಎಲ್ಲಾ ಸರಿಯಾಗಿದೆ ಅತ್ತಿಗೆ. ಇದು ಟೆಕ್ನಿಕಲ್ಲು, ನಿಮಗೆ ಅರ್ಥ ಆಗಲ್ಲ," ಎಂದು ತೀರ್ಪು ಕೊಟ್ಟ.

ಟೈಲರಮ್ಮ ಕನ್ನಡಕ ಏರಿಸಿ ಒಂದೊಂದೇ ಸಾಲು ಓದಿದರು. ಬ್ರೇಕ್ ಪ್ಯಾಡ್ ಬದಲಿಸಲು ಒಂದು ಕೂಲಿ, ಆ ಪ್ಯಾಡುಗಳ ನಡುವೆ ತಿರುಗುವ ಡಿಸ್ಕ್ ಬದಲಿಸಲು ಇನ್ನೊಂದು ಪೂರ್ತಿ ಕೂಲಿ.

"ಡಿಸ್ಕ್ ತೆಗೀಬೇಕಾದ್ರೆ ಚಕ್ರ, ಪ್ಯಾಡು ಎಲ್ಲಾ ಬಿಚ್ಚಲೇಬೇಕಲ್ವೇನಪ್ಪಾ?" ಎಂದು ಕೌಂಟರಿನವನನ್ನು ಕೇಳಿದರು.

"ಬಿಚ್ಚದೆ ಅದು ಹೊರಗೇ ಬರಲ್ಲ ಮೇಡಂ."

"ನಾನು ಕೋಟಿನ ಲೈನಿಂಗ್ ಬದಲಾಯಿಸುವಾಗ ಒಳಜೇಬನ್ನೂ ಬದಲಾಯಿಸ್ತೀನಿ. ಹೊಲಿಗೆ ಬಿಚ್ಚೋದು ಒಂದೇ ಸಲ, ಬಿಚ್ಚಿದ್ದಕ್ಕೆ ಕೂಲೀನೂ ಒಂದೇ ಸಲ. ನೀವೇನು ಚಕ್ರಾನ ಎರಡು ಸಲ ಬಿಚ್ತೀರಾ?"

ಕೌಂಟರಿನವನು ಕಂಪ್ಯೂಟರ್ ನೋಡಿದ, ಚಾವಣಿ ನೋಡಿದ, ಕೊನೆಗೆ ಒಳಗೆ ಹೋಗಿ ಮ್ಯಾನೇಜರನ್ನು ಕರೆತಂದ. ಮ್ಯಾನೇಜರ್ ಪಟ್ಟಿ ನೋಡಿ, ಎರಡನೇ ಕೂಲಿಯನ್ನು ಹೊಡೆದುಹಾಕಿದ. ಈಗ ಮೊತ್ತ ಕೈಗೆ ಎಟುಕುವಂತಿತ್ತು. ಕಾರು ಉಳಿಯಿತು. ಟೈಲರಮ್ಮ ಮಹಾರಾಣಿಯ ಗತ್ತಿನಲ್ಲಿ ಸಹಿ ಹಾಕಿದರು.

ಸರ್ವೋಚ್ಚ ನ್ಯಾಯಾಲಯ ಮೆಲ್ಲಗೆ ಹತ್ತಿರ ಸರಿದು, ತನ್ನ ಕಾರಿನ ಹೋದ ತಿಂಗಳ ಬಿಲ್ಲನ್ನು ಮೊಬೈಲಿನಲ್ಲಿ ತೆರೆದು ಹಿಡಿಯಿತು. "ಅತ್ತಿಗೆ, ಇದನ್ನೂ ಒಂಚೂರು ನೋಡ್ತೀರಾ?"