ಕೋಟಿಗೆ ಹಾಕಿದ ಪಚ್ಚ ಕರ್ಪೂರ

ಮಳೆ ನಿಂತು ಬಿಸಿಲು ಗಟ್ಟಿಯಾದ ಮೇಲೆ, ಚಳಿ ಇಳಿಯುವ ಮುಂಚೆ, ಮನೆಯ ಟ್ರಂಕುಗಳನ್ನೆಲ್ಲ ಅಂಗಳಕ್ಕೆ ಎಳೆಯುವುದು ನನ್ನ ವಾಡಿಕೆ. ಉರಿಗಾಂನ ಗಣಿ ಕೆಲಸಗಾರರ ಈ ಲೈನ್ ಮನೆಗಳ ಗೋಡೆ ಎಂದೂ ಪೂರ್ತಿ ಒಣಗುವುದಿಲ್ಲ. ಗಾಳಿ ಎದ್ದರೆ, ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಬೂದು ಪುಡಿ ಟ್ರಂಕಿನ ಮುಚ್ಚಳದ ಸಂದಿಯಲ್ಲೂ ಇಳಿಯುತ್ತದೆ. ಇಂಥ ಮನೆಯಲ್ಲಿ ನುಸಿಗೆ ಬೇರೇನೂ ಬೇಡ. ಕತ್ತಲೆ ಮತ್ತು ಯಾರೂ ಮುಟ್ಟದ ಬಟ್ಟೆ ಇದ್ದರೆ ಸಾಕು.

ಬಟ್ಟೆಯನ್ನು ಒಳಗು ಹೊರಗು ಮಾಡಿ ಬಿಸಿಲಿಗೆ ಹರವುತ್ತೇನೆ. ಹೊಲಿಗೆಯ ಸಂದಿಗಳನ್ನು ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತೇನೆ, ನುಸಿಯ ಮೊಟ್ಟೆ ಅಂಟಿಕೊಳ್ಳುವುದು ಅಲ್ಲಿಯೇ. ಬೇವಿನ ಎಲೆಯನ್ನು ನೆರಳಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಬೇಕು, ಹಸಿಯಾಗಿಟ್ಟರೆ ಕರೆ ಬೀಳುತ್ತದೆ. ಬಜೆ ಬೇರನ್ನು ಜಜ್ಜಿ, ಎರಡು ಲವಂಗ ಸೇರಿಸಿ, ಹರಿದ ಪಂಚೆಯ ಚೂರಿನಲ್ಲಿ ಗಂಟು ಕಟ್ಟಿ ಮೂಲೆಗಿಡುತ್ತೇನೆ. ರೇಷ್ಮೆಯನ್ನು ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತುತ್ತೇನೆ. ಇದಕ್ಕೆಲ್ಲ ಮೊದಲಿನ ಕೆಲಸ ಒಗೆಯುವುದು. ಒಗೆಯದ ಉಣ್ಣೆಗೆ ಎಷ್ಟು ಬೇವು ಹಾಕಿದರೂ ಪ್ರಯೋಜನವಿಲ್ಲ. ಬೆವರು, ತಲೆಯೆಣ್ಣೆ ಹತ್ತಿದ ಕಡೆಯನ್ನೇ ನುಸಿ ಹುಡುಕಿಕೊಂಡು ಬರುತ್ತದೆ.

ಮಾವನ ಕೋಟನ್ನು ಒಗೆಯಲು ಅತ್ತೆ ಬಿಡುತ್ತಿರಲಿಲ್ಲ.

ಮಾವ ಇಲ್ಲಿನ ನಂದಿದುರ್ಗ ಗಣಿಯ ಬಾವಿಯ ಬಾಯಲ್ಲಿ, ಜನರನ್ನು ಕೆಳಗಿಳಿಸುವ ಪಂಜರಕ್ಕೆ ಗಂಟೆ ಹೊಡೆಯುತ್ತಿದ್ದವರು. ಆ ಬಯಲ ಗಾಳಿಗೆಂದು ಹೊಲಿಸಿಕೊಂಡ ದಪ್ಪ ಉಣ್ಣೆಯ ಕಪ್ಪು ಕೋಟು ಅದು. ಗಣಿ ಮುಚ್ಚಿದ ಮೇಲೂ ಬೆಳಗಿನ ಹಾಲಿಗೆ ಅದನ್ನೇ ತೊಟ್ಟು ಹೋಗುತ್ತಿದ್ದರು. ಅವರು ತೀರಿಕೊಂಡಾಗ ಉಳಿದ ಬಟ್ಟೆಯನ್ನೆಲ್ಲ ಕೊಟ್ಟುಬಿಟ್ಟ ಅತ್ತೆ ಕೋಟನ್ನು ಮಾತ್ರ ತಮ್ಮ ಟ್ರಂಕಿನಲ್ಲಿಟ್ಟುಕೊಂಡರು. ಬೀಡಿ, ಗ್ರೀಸು, ಕೊಬ್ಬರಿ ಎಣ್ಣೆ, ಬೆವರು, ಎಲ್ಲ ಕೂಡಿದ ವಾಸನೆ ಅದರಲ್ಲಿತ್ತು. ಮಧ್ಯಾಹ್ನ ಊಟವಾದ ಮೇಲೆ ಮುಚ್ಚಳ ಎತ್ತಿ, ಮುಖ ತಗ್ಗಿಸಿ, ಮತ್ತೆ ಮುಚ್ಚುವರು. ನಾನು ನೋಡಿಯೂ ನೋಡದವಳಂತೆ ಪಾತ್ರೆ ಉಜ್ಜುವೆ.

ಮರುವರ್ಷ ಆ ಟ್ರಂಕಿನಿಂದ ಹೊಟ್ಟಿನ ಬಣ್ಣದ ಒಂದು ಸಣ್ಣ ಹುಳ ಹಾರಿ ಗೋಡೆಗೆ ಕೂತಿತು.

"ಅತ್ತೆ, ನುಸಿ ಬಿದ್ದೈತೆ. ಕೋಟು ಒಗ್ದ್ಬಿಡಾನ."

"ಮುಟ್ಟಿದ್ರೆ ನೋಡು! ಸೋಪಾಕಿ ಉಜ್ಜಿದ್ರೆ ಅವ್ರೆಲ್ಲಿ ಉಳೀತಾರೆ? ಬರೀ ಬಟ್ಟೆ ಉಳೀತದೆ."

ಬಿಸಿಲಿಗಾದರೂ ಹಾಕೋಣವೆಂದೆ. ಬಿಸಿಲೂ ವಾಸನೆ ಕುಡಿಯುತ್ತದೆ ಎಂದರು. ಆಗ ಪಕ್ಕದ ಮನೆಯ ತಮಿಳಿನ ಅಕ್ಕ ತಡಿಕೆಯ ಆಚೆಯಿಂದಲೇ ಉಪಾಯ ಹೇಳಿದರು: "ಒಗೀಬೇಡ, ಒಣಗಿಸ್ಬೇಡ. ಅಂಗಡೀಲಿ ಪಾಚ ಉರುಂಡೆ ಕೇಳಿ ಜೇಬಿಗೆ ಆಕಮ್ಮಾ, ಪೂಚಿ ಬರಲ್ಲ." ತಮಿಳಿನಲ್ಲಿ ಪಾಚ ಎಂದರೂ ಪೂಚಿ ಎಂದರೂ ಹುಳ, ಉರುಂಡೆ ಎಂದರೆ ಉಂಡೆ, ಅವರು ಹೇಳಿದ್ದು ನುಸಿ ಗುಳಿಗೆ. ಅತ್ತೆಯ ಕಿವಿಗೆ ಬಿದ್ದದ್ದು ಪಚ್ಚ. ನನ್ನನ್ನೂ ಕರೆಯದೆ ತಾವೇ ಅಂಗಡಿಗೆ ಹೋಗಿ ಪಚ್ಚ ಕರ್ಪೂರ ಕೇಳಿದರಂತೆ. "ಪಾಯಸಕ್ಕಾ ಅಜ್ಜಿ?" ಎಂದನಂತೆ ಅಂಗಡಿಯವನು. "ಕೋಟಿಗೆ ಕಣಪ್ಪ" ಎಂದರಂತೆ ಇವರು. ತಂದದ್ದನ್ನೆಲ್ಲ ಜೇಬಿಗೆ ಸುರಿದು ಟ್ರಂಕು ಮುಚ್ಚಿದರು. ಒಂದು ವಾರ ತೆಗೆಯಬಾರದು, ಗಾಳಿ ಆಡಬಾರದು ಎಂಬುದೂ ಅಕ್ಕನದೇ ಅಪ್ಪಣೆ.

ವಾರ ಕಳೆದು ತೆಗೆದಾಗ ಮನೆಯೆಲ್ಲ ತೀರ್ಥದ ವಾಸನೆ. ಅತ್ತೆ ಕೋಟಿಗೆ ಮುಖವಿಟ್ಟು, ತೆಗೆದು, ಮತ್ತೆ ಇಟ್ಟು ನೋಡಿದರು.

"ಅಯ್ಯೋ ಪಾಪಿ ಮುಂಡೇದೆ! ಬದುಕಿದ್ದಾಗ ಗುಡಿ ಒಸ್ಲು ತುಳೀದೋರು, ಈಗ ಕೋಟು ಪೂಜಾರಪ್ಪಂದಾಗೋಯ್ತು!"

ಅಕ್ಕ ಓಡಿಬಂದು ಜೇಬಿಗೆ ಕೈಹಾಕಿ ನೋಡಿ ಹಣೆ ಬಡಿದುಕೊಂಡರು. "ಕಡವುಳೇ! ಪಾಚ ಅಂದ್ರೆ ಪೂಚಿ ಮ್ಮಾ. ನೀನು ಲಡ್ಡುಗೆ ಆಕೋದು ತಂದಿದ್ದೀಯ!" ನನಗೆ ನಗು ಬಂತು, ಅಕ್ಕನಿಗೂ ಬಂತು. ಅತ್ತೆ ಕೋಟಿನ ಒಳ ಮಗ್ಗುಲು ಹೊರಳಿಸಿ ಮತ್ತೆ ಮತ್ತೆ ಮೂಸುತ್ತಿದ್ದುದು ಕಂಡು ಇಬ್ಬರೂ ನಗು ನಿಲ್ಲಿಸಿದೆವು. ಒಳಗಿದ್ದದ್ದು ಹೊರಟುಹೋಯಿತೇ ಎಂಬುದೊಂದೇ ಅವರ ಮಾತು. ಕರ್ಪೂರ ಹಾರಿಹೋಗುವ ವಸ್ತು, ನೆರಳಿನ ಗಾಳಿಗೆ ತೂಗುಹಾಕಿದರೆ ಅದಷ್ಟೇ ಹೋಗಬಹುದು ಎಂದು ನಾನು ಧೈರ್ಯ ಹೇಳಿದೆ. ನನಗೂ ಖಾತ್ರಿ ಇರಲಿಲ್ಲ.

ಹಿತ್ತಲ ಬಾಗಿಲಿಗೆ ಅಡ್ಡವಾಗಿ ಬಿದಿರು ಕಟ್ಟಿ, ಹ್ಯಾಂಗರಿಗೆ ಹಾಕಿ ಬಿಟ್ಟೆವು.

ಗಾಳಿ ಬಂದಾಗ ಕೋಟಿನೊಳಗೆ ಎದೆ ತುಂಬಿಕೊಳ್ಳುತ್ತಿತ್ತು. ತೋಳು ಸ್ವಲ್ಪ ಎತ್ತುವುದು, ಇಳಿಯುವುದು. ಮಾವ ಇದ್ದಾಗ ಅವರೆದುರು ನಾನು ಕೂತವಳಲ್ಲ. ಅವರು ಬಾಗಿಲಲ್ಲಿ ನಿಂತಿದ್ದರೆ ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿಯುವುದು ರೂಢಿ. ನೀರಿನ ಬಿಂದಿಗೆ ಹೊತ್ತು ಬರುವಾಗ ಒಂದು ದಿನ, ಕೋಟು ದಾರಿ ಬಿಡಲೆಂದು ನಾನು ಕಾಯುತ್ತ ನಿಂತಿರುವುದು ನನ್ನ ಗಮನಕ್ಕೆ ಬಂತು. ಸೆರಗು ಆಗಲೇ ತಲೆಯ ಮೇಲಿತ್ತು. ಆಮೇಲೆ ಅವರೆಕಾಳು ಬಿಡಿಸಲು ಮಣೆ ಹಾಕಿಕೊಂಡಾಗಲೂ ಅದರ ಕಡೆ ಕಾಲು ಚಾಚಲಿಲ್ಲ. ಸಂಜೆ ಕೆಲಸದಿಂದ ಬಂದ ನನ್ನ ಯಜಮಾನರು ಆ ಬಾಗಿಲು ದಾಟುವ ಬದಲು ಮುಂಬಾಗಿಲಿನಿಂದ ಸುತ್ತಿಕೊಂಡು ಹಿತ್ತಲಿಗೆ ಹೋದರು.

ದಿನೇ ದಿನೇ ಕರ್ಪೂರದ ವಾಸನೆ ಸಣ್ಣದಾಯಿತು. ಕಡೆಗೊಂದು ಬೆಳಿಗ್ಗೆ ಅತ್ತೆ ಕೊರಳಪಟ್ಟಿಯ ಹತ್ತಿರ ಮೂಗು ತಂದು ಅಲುಗಾಡದೆ ನಿಂತರು.

"ಅವ್ರೆ," ಎಂದರು. "ಎಲ್ಲೂ ಓಗಿಲ್ಲ."

ಅದೇ ಹೊತ್ತಿಗೆ ಹೊರಗಿನ ಎಳೆಬಿಸಿಲು ಕೋಟಿನ ಬೆನ್ನಿಗೆ ಬಿತ್ತು. ಕಂಕುಳಲ್ಲಿ, ಕೊರಳಪಟ್ಟಿಯ ಕೆಳಗೆ, ತೋಳಿನ ಮಡಿಕೆಯಲ್ಲಿ ಬೆಳಕು ಚುಕ್ಕೆಚುಕ್ಕೆಯಾಗಿ ಈಚೆ ಬಂತು. ಬೇರೆಲ್ಲ ಕಡೆ ಉಣ್ಣೆ ಗಟ್ಟಿಯಾಗಿಯೇ ಇತ್ತು. ಅತ್ತೆ ಒಂದೊಂದು ತೂತಿಗೂ ಬೆರಳಿಟ್ಟರು.

"ಇಲ್ಲೇ ಯಾಕೆ ತಿಂದೈತೆ?"

"ಬೆವರು ಇರೋ ಕಡೇನೇ ಅದು ಬರೋದು, ಅತ್ತೆ."

"ಅಂಗಾದ್ರೆ ನಾನು ಯಾವ್ದುಕ್ಕೆ ಕೋಟು ಮಡಿಕ್ಕೊಂಡೆನೋ, ಆ ಉಳಾನೂ ಅದನ್ನೇ ತಿಂತೈತೆ ಅನ್ನು."

ಒಗೆದರೆ ಕೋಟು ಉಳಿಯುತ್ತದೆ, ಮಾವ ಹೋಗುತ್ತಾರೆ. ಒಗೆಯದಿದ್ದರೆ ನುಸಿ ಇಬ್ಬರನ್ನೂ ತಿಂದು ಮುಗಿಸುತ್ತದೆ. ಅತ್ತೆ ಅದನ್ನು ಟ್ರಂಕಿಗೆ ಹಾಕಲಿಲ್ಲ, ಒಗೆ ಎಂದೂ ಅನ್ನಲಿಲ್ಲ. ಮಡಿಲಲ್ಲಿಟ್ಟುಕೊಂಡು ಕೂರುವರು, ಎದ್ದು ಮತ್ತೆ ಬಾಗಿಲಿಗೆ ತೂಗುಹಾಕುವರು. ಊಟ ಸೇರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಕೋಟನ್ನು ನನ್ನ ತೋಳಿನ ಮೇಲೆ ಹಾಕಿ, ಮುಖ ತಿರುಗಿಸಿಕೊಂಡು, "ಉಳಾ ತಿಂದು ಉದುರೋದು ಬ್ಯಾಡ. ನೀನೇ ಒಗಿ. ನಾನು ನೋಡಲ್ಲ" ಎಂದು ಒಳಗೆ ಹೋದರು.

ಅಂಟುವಾಳದ ಕಾಯಿ ನೆನೆಸಿ ಕಿವುಚಿ, ಉಗುರು ಬೆಚ್ಚಗಿನ ನೀರಿಗೆ ಆ ನೊರೆ ಬಿಟ್ಟು ಕೋಟನ್ನು ಮುಳುಗಿಸಿದೆ. ಉಣ್ಣೆಯನ್ನು ಕುಕ್ಕಬಾರದು, ಹಿಂಡಬಾರದು. ಅಂಗೈಯಿಂದ ಒತ್ತಿ ಬಿಡಬೇಕು. ಒತ್ತಿದೆ. ನೀರು ಕಪ್ಪಗಾಯಿತು. ಆಗ ಬಂತು ವಾಸನೆ. ಟ್ರಂಕಿನಲ್ಲಿದ್ದ ಸಣ್ಣ ವಾಸನೆಯಲ್ಲ. ಹಾಲು ತಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಮಾವನ ಮೈಯಿಂದ ಬರುತ್ತಿದ್ದ ಪೂರಾ ವಾಸನೆ, ಬೀಡಿಯೂ ಗ್ರೀಸೂ ಬೇರೆ ಬೇರೆಯಾಗಿ ತಿಳಿಯುವಂತೆ. ಬೆಚ್ಚಗಿನ ಉಗಿಯೊಂದಿಗೆ ಎದ್ದು ಹಿತ್ತಲು ತುಂಬಿ ಒಳಗೆ ನಡೆಯಿತು. ನಾನು ಎದ್ದು ನಿಂತುಬಿಟ್ಟೆ. ಒದ್ದೆ ಕೈಯಲ್ಲೇ ಸೆರಗು ಎಳೆದುಕೊಂಡೆ.

ಒಳಗಿನಿಂದ ಅತ್ತೆಯ ದನಿ ಬಂತು, ಸಣ್ಣ ಪ್ರಾಯದವರ ದನಿಯಂತೆ: "ಬಂದ್ರಾ?"

ಸ್ವಲ್ಪ ಹೊತ್ತಿಗೆ ಅವರು ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಬಕೆಟ್ಟು ನೋಡಿದರು, ನನ್ನನ್ನು ನೋಡಿದರು. ಕೋಟನ್ನು ಎತ್ತಿ ಬೇರೆ ನೀರಿಗೆ ಹಾಕಿ, ಕಪ್ಪು ನೀರನ್ನು ಮೋರಿಗೆ ಬಗ್ಗಿಸಲು ಕೈಹಾಕಿದೆ.

"ಚೆಲ್ಬ್ಯಾಡ ಇರು," ಎಂದರು. "ಆರ್ಲಿ."

ಬಕೆಟ್ಟಿನ ಪಕ್ಕದಲ್ಲೇ ನೆಲಕ್ಕೆ ಕೂತರು. ನಾನೂ ಕೂತೆ. ಉಗಿ ತೆಳುವಾಯಿತು, ನಿಂತಿತು. ಆಮೇಲೂ ಅವರು ಏಳಲಿಲ್ಲ. ತುಂಬ ಹೊತ್ತಿನ ಮೇಲೆ ನೀರಿಗೆ ಬೆರಳದ್ದಿ ನೋಡಿ, "ತಣ್ಣಗಾಯ್ತು, ಚೆಲ್ಲಮ್ಮ" ಎಂದರು.