ದೊಡ್ಡಕ್ಕೋರ ರವಿವಾರ

...ಸ್ಟೀಲಿನ ಲೋಟ ಇದ್ದಿರಲಾರದು. ಗುಳ್ಳೆಗಳು ಮೇಲೇಳುವುದನ್ನು ನೋಡಿದ ನೆನಪಿದೆ, ಸ್ಟೀಲಿನಲ್ಲಿ ಅವು ಹೇಗೆ ಕಂಡಾವು? ಆದರೆ ದೊಡ್ಡಕ್ಕೋರ ಮನೆಯಲ್ಲಿ ಗಾಜಿನ ಲೋಟವನ್ನು ನಾನು ಎಂದೂ ಕಂಡಿಲ್ಲ. ಎರಡರಲ್ಲಿ ಒಂದು ನನ್ನ ತಲೆ ಆಮೇಲೆ ಸೇರಿಸಿಕೊಂಡದ್ದು. ಹೀಗೆ ಇನ್ನೆಷ್ಟು ಸೇರಿಸಿಕೊಂಡಿದೆಯೋ...

ಹೋದ ರವಿವಾರ ಪುಣೆಯಲ್ಲಿ ತಂಗಿಯ ಮನೆಯಲ್ಲಿದ್ದೆ. ಬೆಳಗಿನ ಹತ್ತೂವರೆ, ನಾಷ್ಟಾಕ್ಕೆ ತಡ, ಊಟಕ್ಕೆ ಬೇಗ. ಅವಳು ಬಾಲ್ಕನಿಗೆ ಎರಡು ಉದ್ದನೆಯ ಗ್ಲಾಸು ತಂದಳು. ಅರ್ಧ ಕಿತ್ತಳೆ ರಸ, ಅರ್ಧ ನೊರೆಯುಕ್ಕುವ ವೈನು. "ಕುಡಿಯಕ್ಕಾ. ಇವತ್ತ ಎಲ್ಲಿಗೂ ಓಡೂದಿಲ್ಲ" ಎಂದಳು. ಮೂಗಿನ ಹತ್ತಿರ ತಂದೆ. ಹುಳಿ ಬಂದ ಹಿಟ್ಟಿನಂಥ ವಾಸನೆ, ಅದರ ಮೇಲೆ ಹಣ್ಣಿನ ಸಿಪ್ಪೆಯ ಘಾಟು. ಗ್ಲಾಸನ್ನು ಹಾಗೇ ಕೆಳಗಿಟ್ಟೆ. 

ನಿಂಬೆಗೆ ಹೆಸರಾದ ಇಂಡಿ ಊರಿನ ಹೆಣ್ಣುಮಕ್ಕಳ ಸಾಲಿಯೊಂದರಲ್ಲಿ ಆಗ ಅವರು ಮುಖ್ಯೋಪಾಧ್ಯಾಯಿನಿ. ಊರಿಗೆಲ್ಲ ದೊಡ್ಡಕ್ಕೋರು. ನಾನು ಸಿಂದಗಿಯಿಂದ ಬಂದ ಹೊಸ ಶಿಕ್ಷಕಿ, ಅವ್ವನ ಜೊತೆ ಅವರ ಹಿತ್ತಲಿಗೆ ಅಂಟಿದ ಖೋಲಿಯಲ್ಲಿದ್ದೆ. ಅವರು ಮದುವೆಯಾಗಿರಲಿಲ್ಲ. ಮೂವತ್ತು ವರ್ಷದಲ್ಲಿ ಒಂದು ದಿನವೂ ರಜೆ ಹಾಕಿದವರಲ್ಲ. ಸ್ವಂತ ಅಣ್ಣ ತೀರಿಕೊಂಡ ದಿನವೂ ಪ್ರಾರ್ಥನೆ, ಪಾಠ ಎಲ್ಲ ಮುಗಿಸಿಯೇ ಮುಳವಾಡದ ಬಸ್ಸು ಹತ್ತಿದರಂತೆ. ಇದು ಕಂಡದ್ದಲ್ಲ, ಕೇಳಿದ್ದು. ರವಿವಾರಗಳಂದು ಕಟ್ಟೆಯ ಮೇಲೆ ಕುಳಿತು ಹಾಜರಿ ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದರು. ಇದನ್ನು ಕಂಡಿದ್ದೇನೆ.

ನಿವೃತ್ತಿಗೆ ಎರಡು ತಿಂಗಳು ಉಳಿದಿದ್ದಾಗ, ಬೇಸಿಗೆ ರಜೆಯಲ್ಲಿ, ನಾಸಿಕದಲ್ಲಿದ್ದ ಅಕ್ಕನ ಮಗಳ ಮನೆಗೆ ಹದಿನೈದು ದಿನ ಹೋಗಿ ಬಂದರು. ಸಾಲಿ ಶುರುವಾದ ಮೇಲಿನ ಒಂದು ರವಿವಾರ ನಾನು ನೋಟ್‌ಬುಕ್ ತಿದ್ದುತ್ತಿದ್ದೆ. ಗೋಡೆಯಾಚೆಯಿಂದ ಕರೆದರು: "ಏ ತಂಗಿ, ಆ ಕೆಂಪು ಪೆನ್ನ ಅಲ್ಲೇ ಇಟ್ಟು ಬಾ."

ನೀರಿನ ಹರವಿಯಿಂದ ಅವರು ಒಂದು ದಪ್ಪ ಹಸಿರು ಬಾಟ್ಲಿ ಎತ್ತಿದರು. ಅದಕ್ಕೆ ಒದ್ದೆ ಬಟ್ಟೆ ಸುತ್ತಿತ್ತು. ಬಾಯಿಗೆ ಕಟ್ಟಿದ್ದ ತಂತಿ ಬಿಚ್ಚಿ, ಸೆರಗು ಮುಚ್ಚಿ, ಬೂಚು ತಿರುವಿದರು. ಸೆರಗಿನೊಳಗೆ ಏನೋ ಕೆಮ್ಮಿದಂತೆ ಸದ್ದಾಯಿತು.

"ಅಕ್ಕೋರ, ಇದು..."

"ದ್ರಾಕ್ಷಿದು. ಶೆರೆ ಅನ್ನು, ಹೆದರಬ್ಯಾಡ. ನಮ್ಮ ಹುಡುಗಿ ಅಲ್ಲಿ ರವಿವಾರ ಇದನ್ನ ಕುಡಕೋತ ಹನ್ನೆರಡರ ತನಕಾ ಸುಮ್ಮ ಕುಂಡ್ರತಾಳ. ಸುಮ್ಮ ಕುಂಡ್ರೂದ ಕಲಿಯಾಕ ನನಗ ಹದಿನೈದೂ ದಿನ ಹಿಡೀತು."

ಅವರ ಹಣೆಯ ಮೇಲೆ ವಿಭೂತಿ ಇನ್ನೂ ಪೂರ್ತಿ ಆರಿರಲಿಲ್ಲ.  ನನಗೆ ಎದ್ದು ಹೋಗಬೇಕೆನಿಸಿತು, ಹೋಗಲಿಲ್ಲ. ಅವರು ನಿಂಬೆಹಣ್ಣು ಹೆಚ್ಚಿ ಹಿಂಡಿದರು. "ಅಲ್ಲಿ ಕಿತ್ತಳಿ ಹಾಕ್ತಾರ. ಇಂಡ್ಯಾಗ ಕುಂತು ನಿಂಬಿ ಬಿಟ್ಟು ಕಿತ್ತಳಿ ಹುಡಕ್ಲೇನು?" ತಾಟಿನಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಕುಡಿದೆ. ಎರಡು ಗುಟುಕೋ, ಪೂರ್ತಿ ಲೋಟವೋ... ಎರಡು ಗುಟುಕು ಎಂದೇ ಇಷ್ಟು ವರ್ಷ ನನಗೆ ನಾನು ಹೇಳಿಕೊಂಡು ಬಂದಿದ್ದೇನೆ.

"ಹೆಂಗೈತಿ?"

"ಸೋಡಾ ಕೆಟ್ಟಂಗ ಐತ್ರಿ."

ನಕ್ಕರು. ಅವರ ಹಲ್ಲು ನಾನು ಅಂದೇ ಮೊದಲು ನೋಡಿದ್ದು. ಧೈರ್ಯ ಮಾಡಿ ಕೇಳಿದೆ: "ರಿಟೈರ್ ಆದ ಮ್ಯಾಲೆ ಕುಡದ್ರ ನಡೀತಿರಲಿಲ್ಲೇನ್ರಿ?"

"ಆಗ ಎಲ್ಲಾ ದಿನಾನೂ ರವಿವಾರ. ಮಜಾ ಏನೈತಿ?" ಮತ್ತೆ ಲೋಟದೊಳಗೆ ನೋಡುತ್ತ, "ಸಾಲಿ ಬಿಟ್ರ ನನಗ ಬ್ಯಾರೆ ಏನೂ ರುಚೀನ ಗೊತ್ತಿರಲಿಲ್ಲ, ತಂಗಿ. ನೀ ಹಂಗ ಆಗಬ್ಯಾಡ" ಎಂದರು.

ಆ ಬೂಚನ್ನು ಮನೆಗೆ ತಂದವಳು ನಾನು. ಕೇಳಿ ತಂದೆನೋ, ಕೇಳದೆಯೋ... ನಾಯಿಕೊಡೆಯಂತೆ ಚೆಂದ ಇತ್ತು. ನಮ್ಮ ಮನೆಗಳಲ್ಲಿ ಒಳ್ಳೆಯ ಬೂಚನ್ನು ಯಾರೂ ಎಸೆಯುವುದಿಲ್ಲ. ಕುಸುಬೆ ಎಣ್ಣೆಯ ಬಾಟ್ಲಿಗೆ ಅವ್ವ ಅಲ್ಲಿಯವರೆಗೆ ಗೋವಿನಜೋಳದ ದಂಟಿನ ತುಂಡು ತುರುಕುತ್ತಿದ್ದಳು. ಇದರ ಬುಡವನ್ನು ಈಳಿಗೆಯಲ್ಲಿ ಕೆತ್ತಿ ಅದಕ್ಕೆ ಕೂರಿಸಿದಳು. ನಾಲ್ಕು ದಿನಕ್ಕೆ ಸಾಲಿಯ ಗುಮಾಸ್ತರ ಹೆಂಡತಿ ಎಣ್ಣೆ ಕೇಳಿಕೊಂಡು ಬಂದರು. ಅವರ ತಮ್ಮ ಗೋವಾದ ಹೊಟೆಲ್ಲಿನಲ್ಲಿದ್ದ, ಇಂಥ ಬೂಚು ಯಾವುದರದೆಂದು ಅವರಿಗೆ ಗೊತ್ತಿತ್ತು. ಬೂಚು ತಿರುಗಿಸಿ ನೋಡಿ, "ಇದೆಲ್ಲಿಂದು ಬೇ?" ಎಂದರು. ಅವ್ವ ಹೆಮ್ಮೆಯಿಂದ, "ದೊಡ್ಡಕ್ಕೋರ ಮನ್ಯಾಗಿಂದು. ನನ್ನ ಮಗಳು ತಂದಾಳ. ಭಾಳ ಘಟ್ಟಿ ಕುಂಡ್ರತೈತಿ" ಎಂದಳು.

ಅವ್ವನಿಗೆ ಏನೂ ತಿಳಿದಿರಲಿಲ್ಲ. ನಾನು ಒಳಗೆ ಸೀರೆ ಮಡಚುತ್ತಿದ್ದೆ, ಎಲ್ಲ ಕೇಳಿಸಿಕೊಂಡೆ.

ಆ ಹೊತ್ತಿಗೆ ಬೀಳ್ಕೊಡುಗೆಯ ತಯಾರಿ ನಡೆದಿತ್ತು. ಮುದ್ದೇಬಿಹಾಳದಿಂದ, ಬಾಗೇವಾಡಿಯಿಂದ ಹಳೆಯ ವಿದ್ಯಾರ್ಥಿನಿಯರು ಮಕ್ಕಳು ಮರಿ ಕಟ್ಟಿಕೊಂಡು ಬರುವವರಿದ್ದರು. ದೊಡ್ಡಕ್ಕೋರು ಜೀವನದಲ್ಲಿ ಆಸೆಪಟ್ಟು ಕಾದದ್ದು ಅದೊಂದು ದಿನಕ್ಕೆ. ಬರುವವರ ಹೆಸರುಗಳನ್ನು ದಿನಾ ಸಂಜೆ ನಮಗೆ ಹೇಳುತ್ತಿದ್ದರು. ಅಷ್ಟರಲ್ಲಿ ಸಂಸ್ಥೆಯ ಅಧ್ಯಕ್ಷರು ಎಲ್ಲ ಶಿಕ್ಷಕರನ್ನು ಆಫೀಸಿಗೆ ಕರೆಸಿದರು.

"ಅಕ್ಕೋರ, ಜನಾ ಏನೇನರೆ ಮಾತಾಡಾಕತ್ತಾರ. ಸುಳ್ಳಂತ ಒಂದ ಮಾತ ಹೇಳಿಬಿಡ್ರಿ, ಇಲ್ಲಿಗೆ ಮುಗೀತು" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಅಲ್ಲೇ ಇದ್ರೆಂತಲ್ಲ?"

ಅದೇ ತಿಂಗಳು ನನ್ನ ನೌಕರಿ ಕಾಯಂ ಆಗುವುದಿತ್ತು.

ಆ ಕೋಣೆಯಲ್ಲಿ ಎರಡು ಮಾತು ಹೊರಟವು. ನನ್ನದು: "ಇಲ್ರಿ, ನಾ ಇರಲಿಲ್ಲ." ಅವರದು: "ಕುಡದದ್ದು ಖರೆ. ನಾ ಒಬ್ಬಾಕಿನ ಇದ್ದೆ."

 ಅಧ್ಯಕ್ಷರು ಸುಳ್ಳನ್ನು ಅಷ್ಟು ಮರ್ಯಾದೆಯಿಂದ ಕೈಗೆ ಕೊಟ್ಟಿದ್ದರು, ಹಿಡಿದುಕೊಂಡರೆ ಸಾಕಿತ್ತು. ಕುಡಿದದ್ದಕ್ಕಿಂತ ಒಪ್ಪಿಕೊಂಡದ್ದೇ ಎಲ್ಲರಿಗೂ ದೊಡ್ಡ ಪೆಟ್ಟಾಯಿತು. ನನಗಂತೂ ಇವತ್ತಿಗೂ ಆ ಪೆಟ್ಟು ಇಳಿದಿಲ್ಲ.

ಬೀಳ್ಕೊಡುಗೆ ನಡೆಯಲಿಲ್ಲ. ಬರಬೇಡಿ ಎಂದು ಗುಮಾಸ್ತರು ಒಬ್ಬೊಬ್ಬರಿಗೇ ಫೋನು ಮಾಡಿದರು. ದೊಡ್ಡಕ್ಕೋರು ಕೊನೆಯ ದಿನವೂ ಪ್ರಾರ್ಥನೆಗೆ ಬಂದರು, ಕೀಲಿಕೈ ಕೊಟ್ಟರು, ಮರುದಿನ ನಾಸಿಕಕ್ಕೆ ಹೋದರು. ಬಸ್‌ಸ್ಟ್ಯಾಂಡಿಗೆ ಅವ್ವ ಹೋದಳು, ರೊಟ್ಟಿ ಕಟ್ಟಿಕೊಟ್ಟಳು. ನಾನು ಹೋಗಲಿಲ್ಲ. ನನ್ನ ನೌಕರಿ ಕಾಯಂ ಆಯಿತು. ಅವರು ತೀರಿಕೊಂಡ ಸುದ್ದಿ ಬಂದದ್ದು ತೀರಿಕೊಂಡು ವರ್ಷವಾದ ಮೇಲೆ.

ತಂಗಿ ಬಾಲ್ಕನಿಯಲ್ಲಿ ಇದಿಷ್ಟನ್ನೂ ಕೇಳಿಸಿಕೊಂಡು, "ಅವ್ರು ಮೊದಲ ಹಂಗ ಅಂದ ಮ್ಯಾಲೆ ನೀ ಏನ್ ಮಾಡಾಕ ಆಗತಿತ್ತಕ್ಕಾ? ಅವ್ರ ಮಾತಿಗೆ ಹೂಂ ಅಂದಿ ಅಷ್ಟ" ಎಂದಳು. ಸಮಾಧಾನಕ್ಕೆ ಹೇಳಿದ ಮಾತು. ಆದರೆ ನಾನು ಅವಳಿಗೆ ಅದೇ ಕ್ರಮದಲ್ಲಿ ಹೇಳಿದ್ದೆ, ಅವರ ಮಾತು ಮೊದಲು, ನನ್ನದು ಆಮೇಲೆ. ಬರೆಯಲು ಕೂತಾಗ ಕೈ ನನ್ನದನ್ನು ಮೊದಲು ಬರೆಯಿತು. ಹಾಗಿದ್ದರೆ ಅವರು ನನ್ನ ಸುಳ್ಳನ್ನು ಕೇಳಿಸಿಕೊಂಡು, ಅದನ್ನು ಉಳಿಸಲೆಂದೇ ತಾವು ಒಬ್ಬರೇ ಇದ್ದದ್ದಾಗಿ ಹೇಳಿದರು. ಎರಡೂ ರೀತಿಯಲ್ಲಿ ಆ ಕೋಣೆ ನನಗೆ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿದ್ದವರಲ್ಲಿ ನನ್ನದು ಸುಳ್ಳೆಂದು ಗೊತ್ತಿದ್ದವರು, ನಾನು ಕೇಳಬಹುದಾಗಿದ್ದವರು ಅವರೊಬ್ಬರೇ, ಅವರೀಗ ಇಲ್ಲ.

ನಮ್ಮಿಬ್ಬರಲ್ಲಿ ಮೊದಲು ಮಾತಾಡಿದ್ದು ಯಾರು, ನನಗೆ ಗೊತ್ತಿಲ್ಲ.